ಕಾಮಿಕ್ ದೊಡ್ಡಪ್ಪನ ಆಯೇರಿ ಪಾತ್ರೆಗಳು

ಆಗೋದಿಲ್ಲ ಅಂತ ಮೊದಲು ಅಂದವರು ನಮ್ಮ ಸೋದರಮಾವ. ಕಚೇರಿಯೊಂದರಲ್ಲಿ ಅಟೆಂಡರ್ ಆಗಿ ರಿಟೈರಾದವರು ಅವರು. ನಮ್ಮ ಮನೆಯಲ್ಲಿ ಯಾವ ಕಾಗದದ ವಿಷಯ ಬಂದರೂ ಅವರ ಮಾತೇ ಕೊನೆಯ ಮಾತು. "ಇಪ್ಪತ್ತೈದು ವರ್ಷ ಕಚೇರಿ ಟೇಬಲ್ ಒರೆಸಿದೀನಿ ಕಣವ್ವ. ಯಾವ ಅರ್ಜಿ ಎದ್ದು ನಡೆಯುತ್ತೆ, ಯಾವುದು ಅಲ್ಲೇ ಮಲಗುತ್ತೆ ಅಂತ ಮುಟ್ಟಿದ್ರೆ ಗೊತ್ತಾಗುತ್ತೆ ನಂಗೆ" ಅನ್ನುತ್ತಿದ್ದರು. ನಾನು ಬಿ.ಎ. ಸೇರಿದಾಗ ಒಮ್ಮೆ "ಆಗೋದಿಲ್ಲ" ಅಂದರು. ನಮ್ಮ ಪಕ್ಕದ ಮನೆಯ ಕಾಮಿಕ್ ದೊಡ್ಡಪ್ಪನಿಗೆ "ಇವರು ಕಲಾವಿದರು" ಅನ್ನುವ ಸರ್ಕಾರಿ ಪತ್ರ ಕೊಡಿಸುತ್ತೇನೆ ಅಂತ ನಾನು ಹೊರಟಾಗ ಇನ್ನೊಮ್ಮೆ ಅಂದರು. ಎರಡು ಸಲವೂ ಅವರ ಮಾತು ಸುಳ್ಳಾಯಿತು. ಎರಡೂ ಸಲ ಅದಕ್ಕೆ ಕಾರಣ ಕಾಮಿಕ್ ದೊಡ್ಡಪ್ಪನೇ.

ದೊಡ್ಡಪ್ಪ ಹೋದ ತಿಂಗಳು ತೀರಿಕೊಂಡರು. ಊರಿನವರು "ಅತ್ತು ಹಗುರ ಆಗವ್ವ" ಅಂದರು. ನಾನು ಅತ್ತದ್ದೂ ಹೌದು. ಆದರೆ ನಿಜ ಹೇಳಬೇಕೆಂದರೆ ನನಗೆ ದುಃಖಕ್ಕಿಂತ ಹೆಚ್ಚಾಗಿ ನಿರಾಳ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಲವತ್ತು ವರ್ಷ ಹಳ್ಳಿ ನಾಟಕಗಳಲ್ಲಿ ಹಾಸ್ಯದ ಪಾರ್ಟು ಮಾಡಿದ ಆ ಮನುಷ್ಯ ಸ್ಟೇಜಿನ ಮೇಲೆ ಯಾರ ಹೆಸರನ್ನೂ ಎತ್ತಿದವರಲ್ಲ. "ಮಾತು ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟುತ್ತೆ. ಹೆಸರು ಹೇಳಿದ್ರೆ ಮಾತು ಅಲ್ಲೇ ಬಿದ್ದು ಹೆಸರು ಮಾತ್ರ ಮನೆಗೆ ಹೋಗುತ್ತೆ" ಅನ್ನೋರು. ಅವರ ವಿಷಯ ಬರೆಯುವಾಗ ಅವರ ನಿಯಮವನ್ನೇ ಪಾಲಿಸುವುದು ಸರಿ. ಹೆಸರು ಬೇಕೇ ಬೇಕು ಅನ್ನುವವರಿಗೆ, ಅದು ಎಲ್ಲಿ ಓದಲು ಸಿಗುತ್ತದೆ ಅಂತ ಕೊನೆಗೆ ಹೇಳುತ್ತೇನೆ.

ನ್ಯಾಮತಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಮ್ಮಪ್ಪ ಗಾರೆ ಕೆಲಸದವರು. ಅವ್ವ ಖಾನಾವಳಿಗೆ ರೊಟ್ಟಿ ತಟ್ಟಿ ಕೊಡುತ್ತಿದ್ದಳು. ದೊಡ್ಡಪ್ಪ ಸುಗ್ಗಿ ಮುಗಿದಾಗಿನಿಂದ ಮಳೆ ಹಿಡಿಯುವವರೆಗೆ ನಾಟಕದವರು. ಮಳೆ ಹಿಡಿದರೆ ಬಸ್ ಸ್ಟ್ಯಾಂಡಿನ ಎದುರು ಕೂತು ಛತ್ರಿ ರಿಪೇರಿ ಮಾಡುವವರು. ಮನೆಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ. ಮುಖ ಯಾವಾಗಲೂ ಗಂಟು. ಉಪ್ಪಿಟ್ಟು ತಿನ್ನುವಾಗಲೂ ಯಾರೋ ಬಲವಂತ ಮಾಡಿ ತಿನ್ನಿಸುತ್ತಿದ್ದಾರೆ ಅನ್ನೋ ಹಾಗೆ ತಿನ್ನೋರು. ಹೊಸಬರು ಯಾರಾದರೂ ಬಂದು, "ಏನ್ರೀ, ನೀವೇನಾ ಆ ಕಾಮಿಕ್ಕು? ಎಲ್ಲಿ, ಸ್ವಲ್ಪ ನಗ್ಸಿ ನೋಡೋಣ" ಅಂದರೆ, ಅವರನ್ನೇ ಮೇಲಿಂದ ಕೆಳಗೆ ನೋಡಿ, "ಛತ್ರಿ ತಂದಿದ್ರೆ ಕೊಡ್ರಿ, ಇಲ್ಲ ಅಂದ್ರೆ ಬಿಸಿಲು ಬಿಡ್ರಿ" ಅನ್ನೋರು. ಬಂದವರು ನಗುತ್ತಾ ಹೋಗುತ್ತಿದ್ದರು. ದೊಡ್ಡಪ್ಪ ಮಾತ್ರ ನಿಜವಾಗಿಯೂ ಬಿಸಿಲು ಬೇಕಾಗಿಯೇ ಹೇಳಿರುತ್ತಿದ್ದರು.

ಒಂದೇ ಒಂದು ಸಿನಿಮಾದಲ್ಲಿ ಆಕ್ಟ್ ಮಾಡಿದ್ದರು. ಪೋಸ್ಟ್‌ಮ್ಯಾನ್ ಪಾರ್ಟು. ಆ ಸಿನಿಮಾ ಹೊನ್ನಾಳಿಗೆ ಬಂದಾಗ ನಮ್ಮ ಓಣಿ ಓಣಿಯೇ ಹೋಗಿತ್ತು. ಪರದೆಯ ಮೇಲೆ ಪೋಸ್ಟ್‌ಮ್ಯಾನ್ ಬಂದ, ಕಾಗದ ಕೊಟ್ಟ, ಹೋದ. ಕಂಡದ್ದು ಬೆನ್ನು ಮಾತ್ರ. ಮುಖ ಕತ್ತರಿಗೆ ಹೋಗಿತ್ತು. ಆದರೂ ನಮ್ಮವರು ಸಿಳ್ಳೆ ಹಾಕಿದರು. ವಾಪಸ್ ಬರುವಾಗ ದೊಡ್ಡಪ್ಪ, "ನನ್ನ ಬೆನ್ನಿಗೂ ಆಕ್ಟಿಂಗ್ ಬರುತ್ತೆ ಅಂತ ಗೊತ್ತೇ ಇರಲಿಲ್ಲ ನೋಡ್ರಿ" ಅಂದರು.

ಅವರ ಕೆಲಸದ ರೀತಿ ಹೇಳಬೇಕು. ಯಾವ ಊರಿನಲ್ಲಿ ನಾಟಕವಿದ್ದರೂ ಅವರು ಮಧ್ಯಾಹ್ನವೇ ಅಲ್ಲಿ ಇಳಿಯುತ್ತಿದ್ದರು. ಕರೆಸಿದವರ ಮನೆಗೆ ಹೋಗುತ್ತಿರಲಿಲ್ಲ. ನೇರ ಹೋಗುತ್ತಿದ್ದುದು ಕ್ಷೌರದಂಗಡಿಗೆ. ಒಂದು ಮೂಲೆಯಲ್ಲಿ ಕೂತು, ಹಳೇ ಪೇಪರ್ ಅಡ್ಡ ಹಿಡಿದು, ಎರಡು ಗಂಟೆ ಕಿವಿ ಮಾತ್ರ ಆಗುತ್ತಿದ್ದರು. ಯಾರ ಮನೆ ನಲ್ಲಿಗೆ ನೀರು ಬರುತ್ತದೆ, ಯಾರದಕ್ಕೆ ಬರಲ್ಲ, ಯಾವ ಅಣ್ಣತಮ್ಮಂದಿರು ಒಂದೇ ಬಾಗಿಲಲ್ಲಿ ಓಡಾಡಿ ಮಾತು ಬಿಟ್ಟಿದ್ದಾರೆ, ಎಲ್ಲಾ ಅಲ್ಲಿ ಸಿಗುತ್ತಿತ್ತು. ಆಮೇಲೆ ರಾಜನ ಆಸ್ಥಾನದ ದೃಶ್ಯದಲ್ಲಿ ಅದೇ ಸುದ್ದಿ ಬೇರೆ ವೇಷ ಹಾಕಿ ಬರುತ್ತಿತ್ತು. ಪುಸ್ತಕದಲ್ಲಿ ಇಲ್ಲದ ಮಾತು ಆಡುವ ಹಕ್ಕು ನಾಟಕದಲ್ಲಿ ಕಾಮಿಕ್ಕಿಗೆ ಮಾತ್ರ. ಆ ಹಕ್ಕಿಗೆ ಅವರು ತಾವೇ ಎರಡು ಬೇಲಿ ಹಾಕಿಕೊಂಡಿದ್ದರು: ಹೆಸರು ಹೇಳಬಾರದು, ಯಾರ ಮೈಯ ಊನವನ್ನೂ ಆಡಿಕೊಳ್ಳಬಾರದು.

ಮೂರನೆಯ ಬೇಲಿ ಹಾಕಿಸಿದ್ದು ಬಿಳಿಚೋಡು ಅನ್ನುವ ಊರು. ಅಲ್ಲಿ ಅಂಗಡಿಯಲ್ಲಿ ಒಬ್ಬ, "ನಮ್ಮೂರಲ್ಲಿ ಒಬ್ಬ ಮುದುಕಿ ಇದಾಳ್ರೀ, ಬೇರೆಯವರ ಕುರಿ ತನ್ನ ಹಟ್ಟಿಗೆ ಬಂದ್ರೆ ಗುರುತು ಅಳಿಸಿ ಇಟ್ಕೋತಾಳೆ" ಅಂದನಂತೆ. ದೊಡ್ಡಪ್ಪ ಆ ದಿನ ಕುರಿ ಎಣಿಸಲು ಬಾರದ ಮಂತ್ರಿಯಾದರು. ಪ್ರತಿ ಸಲ ಎಣಿಸಿದಾಗಲೂ ಕುರಿ ಒಂದು ಹೆಚ್ಚು. ಜನ ಬಿದ್ದು ಬಿದ್ದು ನಕ್ಕರು. ನಗುತ್ತಾ ನಗುತ್ತಾ ಎಲ್ಲರೂ ಒಂದೇ ಕಡೆ ತಿರುಗಿ ನೋಡಿದರು. ಅಲ್ಲೊಬ್ಬ ಮುದುಕಿ ಸೆರಗು ಮುಖಕ್ಕೆ ಹಾಕಿಕೊಂಡು ಎದ್ದು ಹೋದಳು. ಮಾರನೆಯ ದಿನ ವಿಚಾರಿಸಿದರೆ ಅದು ಶುದ್ಧ ಸುಳ್ಳು. ಹೇಳಿದವನಿಗೂ ಆಕೆಗೂ ಹಾದಿಯ ಜಗಳ. ದೊಡ್ಡಪ್ಪ ಆಕೆಯ ಮನೆಯ ಮುಂದೆ ಹೋಗಿ ನಿಂತರು. ಬಹಳ ಹೊತ್ತಾದ ಮೇಲೆ ಆಕೆ ಒಂದು ಚೊಂಬು ಮಜ್ಜಿಗೆ ತಂದಿಟ್ಟು, "ಬಿಸಿಲಲ್ಲಿ ನಿಂತು ನನ್ನ ಇನ್ನೂ ನಗೆಪಾಟಲು ಮಾಡಬ್ಯಾಡ, ಕುಡಿದು ಹೋಗಪ್ಪ" ಅಂದಳಂತೆ. ಅಂದಿನಿಂದ ಮೂರು ಬಾಯಿಂದ ಕೇಳದ ಸುದ್ದಿಯನ್ನು ದೊಡ್ಡಪ್ಪ ಸ್ಟೇಜಿಗೆ ಹತ್ತಿಸಲಿಲ್ಲ. ಈ ಕಥೆಯನ್ನು ನಮಗೆ ಹೇಳುವಾಗ ಪ್ರತಿ ಸಲವೂ ಮಜ್ಜಿಗೆಯ ಹತ್ತಿರ ಬಂದು ನಿಲ್ಲಿಸಿಬಿಡುತ್ತಿದ್ದರು. "ಉಪ್ಪು ಸರಿಯಾಗಿತ್ತು" ಅನ್ನೋರು, ಅಷ್ಟೇ.

ಗೋವಿನಕೋವಿ ಊರಿನದು ಬೇರೆ ಕಥೆ. ಹಳ್ಳಿ ನಾಟಕದಲ್ಲಿ ರಾಜನ ಪಾರ್ಟು ಸಿಗೋದು ಚಂದಾ ಕೊಡುವ ಕೈ ದೊಡ್ಡದಿದ್ದವರಿಗೆ. ಮಾತು ನೆನಪಿರುವವರಿಗಲ್ಲ. ಅಲ್ಲಿಯ ರಾಜರು ಸಿಂಹಾಸನದ ಮೇಲೆ ಕೂತವರು, "ಎಲೈ ಮಂತ್ರಿ" ಅಂದು ಅಲ್ಲೇ ನಿಂತುಬಿಟ್ಟರು. ಹಾರ್ಮೋನಿಯಂ ಮೇಷ್ಟ್ರು ಪರದೆಯ ಹಿಂದಿನಿಂದ ಹೇಳಿಕೊಟ್ಟರೂ ಕೇಳಿಸುತ್ತಿಲ್ಲ. ಜನ ಕೂಗಲು ಶುರು ಮಾಡುವ ಮೊದಲೇ ದೊಡ್ಡಪ್ಪ ಎರಡೂ ಕೈ ಎತ್ತಿ, "ಸದ್ದು! ಮಹಾರಾಜರು ಯೋಚನೆ ಮಾಡ್ತಾ ಅದಾರೆ. ನಮ್ಮಂಥೋರು ಯೋಚನೆ ಮಾಡದೇ ಮಾತಾಡ್ತೀವಿ, ಅದಕ್ಕೇ ನಾವಿನ್ನೂ ಮಂತ್ರಿ" ಅಂದರು. ಆಮೇಲೆ ರಾಜನ ಪ್ರತಿ ಮಾತನ್ನೂ ತಾವೇ ಪ್ರಶ್ನೆ ಮಾಡಿ ಕೇಳಿದರು. "ಅಂದ್ರೆ ಮಹಾರಾಜರು ನಾಳೆ ಬೆಳಿಗ್ಗೆ ದಂಡೆತ್ತಿ ಹೋಗೋಣ ಅಂತೀರಾ?" ರಾಜ "ಹೂಂ" ಅಂದ. ಇಡೀ ನಾಟಕ "ಹೂಂ"ನಲ್ಲೇ ಮುಗಿಯಿತು. ಆ ರಾಜರ ಮನೆಯವರು ಕೊನೆಗೆ ದೊಡ್ಡ ಸ್ಟೀಲ್ ಕೊಳಗ ತಂದು ದೊಡ್ಡಪ್ಪನಿಗೆ ಆಯೇರಿ ಮಾಡಿದರು.

ಆಯೇರಿ ಅಂದರೆ ನಮ್ಮ ಕಡೆ ನಾಟಕ ನಡೆಯುವಾಗಲೇ ಸ್ಟೇಜಿಗೆ ಹತ್ತಿ ಪಾತ್ರಧಾರಿಗೆ ಕೊಡುವ ಉಡುಗೊರೆ. ಕೌರವ ಪಾಂಡವರ ಯುದ್ಧವಾದರೂ ಸರಿ, ನಿಲ್ಲಬೇಕು. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಬೇಕು. ಆಮೇಲೆ ಯುದ್ಧ ಮುಂದುವರಿಯಬೇಕು. ಉಳಿದವರಿಗೆ ಪ್ಯಾಂಟ್ ಪೀಸು, ಟವೆಲ್ಲು ಬಂದರೆ ದೊಡ್ಡಪ್ಪನಿಗೆ ಪಾತ್ರೆ ಬರುತ್ತಿದ್ದವು. ಪಾತ್ರೆ ಅಂದ ಮೇಲೆ ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಹೊಡೆಸಿಯೇ ತರುತ್ತಿದ್ದರು: ಹಾಸ್ಯ ಕಲಾವಿದರಾದ ಇಂಥವರಿಗೆ, ಇಂಥ ನಾಟಕದಲ್ಲಿ, ಇಂಥ ಊರಿನವರಿಂದ. ದೊಡ್ಡಮ್ಮ, ಅಂದರೆ ಅವರ ಹೆಂಡತಿ, ಅದನ್ನು ನೋಡಿ ಗೊಣಗುತ್ತಿದ್ದರು. "ಅಕ್ಷರದ ಸಂದೀಲಿ ಹುಳಿ ಕೂತ್ಕೊಳುತ್ತೆ, ಉಜ್ಜೋಳು ನಾನು."

ಈಗ ನನ್ನ ಮಾತು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೆಮ್ಮೆಯಿಂದ ಹೇಳುತ್ತೇನೆ, ಮುಚ್ಚಿಟ್ಟುಕೊಳ್ಳುವುದೇನಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದೆ ಅನ್ನೋದನ್ನೂ ಮುಚ್ಚಿಡಲ್ಲ. ಎರಡನೆಯ ಸಲ ಫೇಲಾದಾಗ ಮಾವ ಬಂದು ಕೂತು, "ನಾನು ಮೊದಲೇ ಹೇಳಿರಲಿಲ್ವಾ? ಆಗೋದಿಲ್ಲ ಅಂದ್ರೆ ಆಗೋದಿಲ್ಲ" ಅಂದರು. ಅಪ್ಪ ನನ್ನ ಮುಖ ನೋಡದೇ, "ಸಾಕು ಬಿಡವ್ವ" ಅಂದರು. ಆ "ಸಾಕು" ಗೋಡೆಯಾಚೆ ಕೇಳಿಸಿರಬೇಕು.

ಅದೇ ತಿಂಗಳು ನಮ್ಮೂರಲ್ಲಿ ನಾಟಕ. ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ದೊಡ್ಡಪ್ಪ ಅರಮನೆ ಕಟ್ಟುವ ಗಾರೆಯವನಾಗಿ ಬಂದರು. ಕೈಯಲ್ಲಿ ಕರಣೆ. ರಾಜ ಕೇಳಿದ, "ಮಹಡಿಗೆ ಮೆಟ್ಟಿಲು ಕಟ್ಟಿದೆಯಾ?" ದೊಡ್ಡಪ್ಪ, "ಕಟ್ಟಿದೀನಿ ಬುದ್ಧಿ. ಹದಿನೆಂಟು ಕಟ್ಟಿದೀನಿ. ಇನ್ನೆರಡು ಬಾಕಿ ಇದ್ವು. ಸುಸ್ತಾಯ್ತು, ಸಾಕು ಅಂತ ಬಿಟ್ಟೆ" ಅಂದರು. "ಮತ್ತೆ ನಾವು ಮೇಲೆ ಹೋಗೋದು ಹೆಂಗೋ?" "ಮೇಲೆ ಯಾಕೆ ಹೋಗ್ತೀರಿ ಬುದ್ಧಿ? ಹದಿನೆಂಟನೇದರ ಮೇಲೆ ಕೂತ್ಕಳ್ರಿ, ಗಾಳಿ ಚೆನ್ನಾಗೈತೆ." ಆಮೇಲೆ ಆ ಹದಿನೆಂಟನೆಯ ಮೆಟ್ಟಿಲ ಮೇಲೆ ರಾಜ ಊಟ ಮಾಡೋದು, ನಿದ್ದೆ ಮಾಡೋದು, ನೆಂಟರನ್ನು ಕೂರಿಸೋದು ಎಲ್ಲಾ ಆಡಿ ತೋರಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮಪ್ಪ. ಕಸುಬಿನ ಮಾತು ನೋಡಿ. ನಗುತ್ತಾ ಇದ್ದವರು ತಟಕ್ಕನೆ ನಿಲ್ಲಿಸಿದರು. ನಾನು ಹೆಂಗಸರ ಕಡೆಯಿಂದ ಅವರ ಕುತ್ತಿಗೆಯನ್ನೇ ನೋಡುತ್ತಿದ್ದೆ. ಮಾರನೆಯ ದಿನ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು, "ಆ ಇಂಗ್ಲಿಷಿಗೆ ಮತ್ತೆ ಕಟ್ಟಾಕೆ ಕೊನೇ ದಿನ ಯಾವತ್ತು?" ಅಂದರು. ಮೂರನೆಯ ಸಲ ಪಾಸಾದೆ.

ಪಾಸಾದ ಸುದ್ದಿ ಹೇಳಲು ಹೋದಾಗ ದೊಡ್ಡಪ್ಪ ಛತ್ರಿ ಕಡ್ಡಿ ಬಗ್ಗಿಸುತ್ತಿದ್ದರು. ತಲೆ ಎತ್ತದೇ, "ಹಂಗಾದ್ರೆ ಇನ್ಮುಂದೆ ಓಣಿಯೋರ ಅರ್ಜಿ ಎಲ್ಲಾ ನೀನೇ ಬರೀಬೇಕು" ಅಂದರು. ಹಾಗೇ ಆಯಿತು. ನಾನು ಈಗ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತೇನೆ. ಸಂಜೆ ನಾಲ್ಕರ ಮೇಲೆ ಓಣಿಯವರ ಅರ್ಜಿ ಬರೆಯುತ್ತೇನೆ. ದೊಡ್ಡಪ್ಪನ ಅರ್ಜಿಯೂ ಒಂದು ದಿನ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಾಯಿ ಒಂದು ಕಡೆಗೆ ಸರಿಯಿತು, ಮಾತು ಹೋಯಿತು. "ಹೂಂ", "ಬ್ಯಾಡ", ಇವೆರಡೇ ಉಳಿದವು. ನನ್ನ ಶಾಲೆಯಿಂದ ಒಂದು ಸ್ಲೇಟು ತಂದುಕೊಟ್ಟೆ. ಎಡಗೈಯಲ್ಲಿ ದೊಡ್ಡ ದೊಡ್ಡ ಅಕ್ಷರ ಬರೆಯುವುದು ಕಲಿತರು. ಮೊದಲ ದಿನ ಬರೆದದ್ದು, "ಉಪ್ಪಿಟ್ಟಿಗೆ ಉಪ್ಪಿಲ್ಲ." ದೊಡ್ಡಮ್ಮ ಸ್ಲೇಟು ಒರೆಸಿ, "ಮಾತು ಹೋದ್ರೂ ಕಂಪ್ಲೇಂಟು ಹೋಗಲಿಲ್ಲ ನೋಡು" ಅಂದರು.

ಒಂದು ಮಧ್ಯಾಹ್ನ ಅವರು ಬರೆದರು: "ಸತ್ತಾಗ ಫಾರಂ ತುಂಬುತಾರಲ್ಲ, ಅದರಲ್ಲಿ ಉದ್ಯೋಗ ಅಂತ ಇರುತ್ತಾ?" ಇರುತ್ತೆ ಅಂದೆ. ಒರೆಸಿ ಮತ್ತೆ ಬರೆದರು: "ವ್ಯಾಪಾರಸ್ಥ ಅಂತ ಬರೆಯಬ್ಯಾಡ."

ನನಗೆ ಅರ್ಥವಾಯಿತು. ಅವರ ಒಬ್ಬಳೇ ಮಗಳನ್ನು, ನಾನು ಅಕ್ಕ ಅನ್ನುವವಳನ್ನು, ಕೆರೆಬಿಳಚಿಗೆ ಕೊಟ್ಟಿದ್ದರು. ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಗಂಡಿನ ತಂದೆ, "ನಾಟಕದೋರು ಅಂತ ಬ್ಯಾಡ. ನಮ್ಮ ಮನೇಲೂ ನಾನು ಹೇಳಿಲ್ಲ. ನಮ್ಮ ಕಡೆ ನಾಕು ಜನ ಬರ್ತಾರೆ" ಅಂದರು. ಅಕ್ಕನೂ ತಲೆ ತಗ್ಗಿಸಿ, "ಹಂಗೇ ಮಾಡಪ್ಪ" ಅಂದಳು. ದೊಡ್ಡಪ್ಪನ ಹೆಸರಿನ ಕೆಳಗೆ "ಛತ್ರಿ ವ್ಯಾಪಾರಸ್ಥರು" ಅಂತ ಬಂತು. ಆ ದಿನ ಅವರು ಎಲ್ಲರ ಮುಂದೆ, "ಮಳೆ ದೇವರೇ ನನ್ನ ಪಾರ್ಟ್‌ನರ್ರು" ಅಂತ ನಗಿಸಿದ್ದರು. ನಗಿಸಿದ್ದರು ಅಂತ ನಾವು ಅದನ್ನು ಮರೆತೆವು. ಅವರು ಮರೆತಿರಲಿಲ್ಲ.

ಹಳ್ಳಿ ಕಲಾವಿದರಿಗೆ ಸರ್ಕಾರ ಒಂದು ಪತ್ರ ಕೊಡುತ್ತದೆ. ಆ ಪತ್ರ ಇದ್ದರೆ ಮುಂದೆ ತಿಂಗಳಿಗೆ ಏನೋ ಬರುತ್ತದೆ ಅಂತಾರೆ. ಆ ದುಡ್ಡಿನ ಮಾತು ದೊಡ್ಡಪ್ಪ ಒಂದು ಸಲವೂ ಎತ್ತಲಿಲ್ಲ. ಅವರಿಗೆ ಬೇಕಿದ್ದುದು ಒಂದೇ ಪದ. ಅರ್ಜಿ ಬರೆದು ಹಾಕಿದೆ. ವಾಪಸ್ ಬಂತು. ದಾಖಲೆ ಸಾಲದು ಅಂತ. ಹ್ಯಾಂಡ್‌ಬಿಲ್ ಹುಡುಕಿದರೆ ಎಲ್ಲದರಲ್ಲೂ "ನಗೆ ಚಕ್ರವರ್ತಿ, ನ್ಯಾಮತಿ" ಅಂತಿದೆ, ಹೆಸರೇ ಇಲ್ಲ. ಹೊರಗಿನಿಂದ ಕರೆಸಿದ ಕಾಮಿಕ್ಕಿಗೆ ಬಿರುದು ಹಾಕುವುದೇ ರೂಢಿ. ಹೆಸರಿನ ಜಾಗ ಊರವರಿಗೆ ಬೇಕಲ್ಲ. ಮೊಬೈಲಿನಲ್ಲಿ ವಿಡಿಯೊ ಇದ್ದವು. ಎಲ್ಲದರಲ್ಲೂ ಬಣ್ಣ, ಅಂಟಿಸಿದ ಮೀಸೆ, ಗುಲಾಬಿ ಪೇಟ. ಅರ್ಜಿ ತೆಗೆದುಕೊಳ್ಳುವ ಕಚೇರಿಯ ಮೇಡಂ ನೋಡಿ, "ಇವರೇ ಅವರು ಅಂತ ನಾನು ಹೆಂಗಮ್ಮ ಒಪ್ಪಲಿ?" ಅಂದರು. ಅವರದೂ ತಪ್ಪಲ್ಲ. ಮಾವ ಮನೆಗೆ ಬಂದು ಕಾಲು ಚಾಚಿ ಕೂತು, "ಮಲಗಿತಲ್ಲ ಅರ್ಜಿ? ಅದು ಇನ್ನು ಏಳಲ್ಲ. ಬಾಯಿ ಬಿದ್ದೋರನ್ನ ಕಲಾವಿದ ಅಂತ ಯಾರು ಬರ್ಕೊಡ್ತಾರೆ? ಆಗೋದಿಲ್ಲ ಕಣವ್ವ" ಅಂದರು.

ಆ ದಿನ ದೊಡ್ಡಮ್ಮ ಹುಳಿ ಹಾಕಿ ಚೊಂಬು ಉಜ್ಜುತ್ತಾ ಕೂತಿದ್ದರು. ನಾನು ನೋಡುತ್ತಾ ನಿಂತೆ. ಚುಕ್ಕಿ ಅಕ್ಷರ.

"ದೊಡ್ಡಮ್ಮ, ಆಯೇರಿ ಪಾತ್ರೆ ಎಲ್ಲಾ ಎಲ್ಲಿ?"

"ಇದೊಂದೇ ಉಳಿದಿರೋದು. ಉಳಿದಿದ್ದೆಲ್ಲ ಮಗಳ ಜೊತೆ ಕೊಟ್ವಲ್ಲ. ಹೊಸಾ ಪಾತ್ರೆ ತಗೊಳ್ಳಾಕೆ ಆವಾಗ ಕೈಲಾಗಲಿಲ್ಲ."

ಒಳಗಿನಿಂದ ಸ್ಲೇಟಿನ ಮೇಲೆ ಬಳಪ ಗೀಚುವ ಸದ್ದು ಬಂತು. ಹೋಗಿ ನೋಡಿದರೆ ದೊಡ್ಡಪ್ಪ ಬರೆದಿದ್ದರು: "ಕೇಳಬ್ಯಾಡ. ಆ ಮನೇಲಿ ನಾನು ಛತ್ರಿಯವನು." ಬಾಯಲ್ಲೂ "ಬ್ಯಾಡ, ಬ್ಯಾಡ" ಅಂದರು. ನಾನು "ಆಯ್ತು ದೊಡ್ಡಪ್ಪ" ಅಂದೆ. ಅವರಿಗೆ ನಾನು ಹೇಳಿದ ಒಂದೇ ಸುಳ್ಳು ಅದು. ಮುಂದಿನ ಭಾನುವಾರ ಚನ್ನಗಿರಿ ಬಸ್ಸು ಹತ್ತಿ ಕೆರೆಬಿಳಚಿಗೆ ಹೋದೆ.

ಅಕ್ಕನ ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅವಳ ಮಾವ ಹೊರಗೆ ಹೋಗಿದ್ದರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ವಿಷಯ ಹೇಳಿದೆ. ಅವಳು ಬಾಗಿಲು ಅರ್ಧ ಮುಚ್ಚಿದಳು.

"ಅವು ಅಟ್ಟದ ಮೇಲಿದಾವೆ ಕಣೇ. ಬಂದ ವಾರಾನೇ ಹತ್ತಿಸಿಟ್ಟೆ. ಅಕ್ಷರ ಕಾಣಬಾರದು ಅಂತ ಗೋಡೆ ಕಡೆ ಮುಖ ಮಾಡಿ ಇಟ್ಟೀನಿ. ಈಗ ಇಳಿಸಿದ್ರೆ ಅತ್ತೆ ಕೇಳ್ತಾರೆ. ಏನಂತ ಹೇಳಲಿ?"

ಪಡಸಾಲೆಯಿಂದ ಅತ್ತೆಯ ಧ್ವನಿ ಬಂತು. "ಏನ್ರೇ ಅದು ಪಿಸಿಪಿಸಿ? ಅಟ್ಟದ ಮೇಲಿನ ಪಾತ್ರೆ ವಿಷಯ ತಾನೇ?"

ಅವರು ಮೊರ ಪಕ್ಕಕ್ಕಿಟ್ಟು ಒಳಗೆ ಬಂದರು.

"ನಿಮ್ಮಪ್ಪ ಯಾರು ಅಂತ ನಿಶ್ಚಿತಾರ್ಥದ ದಿನಾನೇ ಗೊತ್ತಿತ್ತು ನಂಗೆ. 'ಎಲೆ ಹಾಕ್ರಿ' ಅಂತ ಒಂದು ಮಾತು ಅಂದ್ರು ನೋಡು, ಆ ಧ್ವನಿ ಮರೆಯೋ ಧ್ವನಿನಾ? ನಾನು ಈ ಊರಿಗೆ ಹೊಸಾ ಮದುವಣಗಿತ್ತಿಯಾಗಿ ಬಂದ ವರ್ಷ ಇಲ್ಲಿ ನಾಟಕ ಆಡಿದ್ರು. ನಮ್ಮತ್ತೆ ಪಕ್ಕದಲ್ಲೇ ಕೂತಿದ್ರು. ನಗಬ್ಯಾಡ ಅಂತ ತೊಡೆ ಚಿವುಟಿದ್ರು. ಚಿವುಟಿದಷ್ಟೂ ನಗು. ತೌರು ಬಿಟ್ಟು ಬಂದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು." ಅಕ್ಕನ ಕಡೆ ತಿರುಗಿದರು. "ನೀನೇ ಬಾಯಿ ಬಿಡ್ತೀಯೇನೋ ಅಂತ ಕಾದೆ. ಹನ್ನೆರಡು ವರ್ಷ ಆಯ್ತು. ಏಣಿ ತಗೊಂಡು ಬಾ."

"ಮಾವ..." ಅಂದಳು ಅಕ್ಕ.

"ಅವರನ್ನ ನಾನು ನೋಡ್ಕೋತೀನಿ. ಅವರು ಅವತ್ತು ನನಗಿಂತ ಜೋರಾಗಿ ನಕ್ಕಿದ್ರು."

ಅಕ್ಕ ತಾನೇ ಏಣಿ ಹತ್ತಿದಳು. ಒಂದೊಂದನ್ನೇ ಇಳಿಸಿ ಸೆರಗಿನಿಂದ ಧೂಳು ಒರೆಸಿ ಗಟ್ಟಿಯಾಗಿ ಓದಿದಳು. ಗೋವಿನಕೋವಿಯ ಕೊಳಗ. ಜಗಳೂರಿನ ತಟ್ಟೆ. ಹೊನ್ನಾಳಿಯ ಚರಿಗೆ. ಬಿಳಿಚೋಡಿನದೂ ಒಂದು ಪುಟ್ಟ ಲೋಟ ಇತ್ತು. ಅದನ್ನು ಯಾರು ಕೊಟ್ಟರೋ, ಕೊಟ್ಟವರ ಹೆಸರು ಹಾಕಿಸಿರಲಿಲ್ಲ. ದೊಡ್ಡಪ್ಪನ ಹೆಸರೂ ಊರಿನ ಹೆಸರೂ ಇದ್ದವು. ಮಜ್ಜಿಗೆಯ ಮುದುಕಿ ಅಂತ ನನಗನ್ನಿಸಿತು. ಕೇಳಲು ಹೋಗಲಿಲ್ಲ. ಹದಿನಾಲ್ಕು ಪಾತ್ರೆ. ಹದಿನಾಲ್ಕರಲ್ಲೂ "ಹಾಸ್ಯ ಕಲಾವಿದರಾದ". ಹದಿನಾಲ್ಕರಲ್ಲೂ ಪೂರಾ ಹೆಸರು.

ಗೋಣಿಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರ್, "ಯಾರ ಮದುವೆ ಮೇಡಂ?" ಅಂದ. "ಮದುವೆಯಲ್ಲ, ಕಚೇರಿಗೆ" ಅಂದೆ. "ಕಚೇರೀಲೂ ಅಡುಗೆ ಶುರು ಮಾಡಿದ್ರಾ?" ಅಂದ.

ಕಚೇರಿಯ ಮೇಡಂ ಕೂಡ ಚೀಲ ನೋಡಿ, "ಇದೇನಮ್ಮ, ಪಾತ್ರೆ ಅಂಗಡಿ?" ಅಂದರು. ನಾನು ಒಂದೊಂದಾಗಿ ಟೇಬಲ್ ಮೇಲೆ ಜೋಡಿಸಿದೆ. ಅವರು ಕೊಳಗ ತಿರುಗಿಸಿ ತಿರುಗಿಸಿ ಓದಿದರು. "ಹೆಸರು ಐತೆ, ಊರು ಐತೆ, ಎಲ್ಲಾ ಐತೆ. ಆದ್ರೆ ಪಾತ್ರೇನ ದಾಖಲೆ ಅಂತ ಹೆಂಗೆ ತಗೊಳ್ಳಲಿ?"

ಬಿ.ಎ. ಮಾಡಿದ್ದು ಸಾರ್ಥಕ ಆದದ್ದು ಆಗ. "ಮೇಡಂ, ರಾಜರು ಕಲ್ಲಿನ ಮೇಲೆ ಕೊರೆಸಿದ್ದು ಶಾಸನ, ತಾಮ್ರದ ಮೇಲೆ ಕೊರೆಸಿದ್ದೂ ಶಾಸನ ಅಂತ ನಾನು ಮೂರು ವರ್ಷ ಓದಿದೀನಿ. ಇದು ಸ್ಟೀಲು, ಅಷ್ಟೇ ವ್ಯತ್ಯಾಸ. ಕೊಟ್ಟೋರು ಇನ್ನೂ ಬದುಕಿದಾರೆ, ಬೇಕಾದ್ರೆ ಫೋನ್ ಮಾಡಿ ಕೇಳ್ರಿ" ಅಂದೆ. ಪಕ್ಕದ ಟೇಬಲಿನವರು ಎದ್ದು ಬಂದರು. ಒಬ್ಬರು ಜಗಳೂರಿನ ತಟ್ಟೆ ಎತ್ತಿ, "ಅರೆ, ಇದು ನಮ್ಮೂರು. ಈ ನಾಟಕ ನಾನು ನೋಡೀನ್ರೀ" ಅಂದರು. ಮೇಡಂ ಎಲ್ಲಾ ಪಾತ್ರೆಗಳ ಫೋಟೊ ತೆಗೆಸಿ ಫೈಲಿಗೆ ಸೇರಿಸಿದರು. "ಆದ್ರೆ ಆಯ್ಕೆ ಸಮಿತಿ ಮುಂದೆ ಅವರು ಏನಾದ್ರೂ ಮಾಡಿ ತೋರಿಸ್ಬೇಕು. ಅದು ನಿಯಮ" ಅಂದರು.

ಮಾತು ಹೋದ ಕಾಮಿಕ್ಕು ಏನು ಮಾಡಿ ತೋರಿಸುತ್ತಾರೆ? ದೊಡ್ಡಪ್ಪನಿಗೆ ಪಾತ್ರೆಯ ಕಥೆ ಹೇಳಿ ಕ್ಷಮೆ ಕೇಳಿದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಬಹಳ ಹೊತ್ತಾದ ಮೇಲೆ ಸ್ಲೇಟು ಕೇಳಿದರು. "ಆ ಕಚೇರಿಗೆ ಮಧ್ಯಾಹ್ನ ಹೇಳಿದ್ರೆ ಬೆಳಿಗ್ಗೆನೇ ಹೋಗಬೇಕು."

ಹಾಗೇ ಮಾಡಿದೆವು. ಮೂರು ಗಂಟೆಯ ಸಂದರ್ಶನಕ್ಕೆ ಹತ್ತು ಗಂಟೆಗೇ ಹೋಗಿ ವರಾಂಡದ ಬೆಂಚಿನ ಮೇಲೆ ಕೂರಿಸಿದೆ. ಕೈಗೆ ಒಂದು ಹಳೇ ಪೇಪರ್ ಕೊಟ್ಟೆ. ಅವರು ಅದನ್ನು ಅಡ್ಡ ಹಿಡಿದುಕೊಂಡರು. ಆಗ ನನಗೆ ಗೊತ್ತಾಯಿತು, ಇದು ಕ್ಷೌರದಂಗಡಿ.

ಮೂರು ಗಂಟೆಗೆ ಒಳಗೆ ಕರೆದರು. ಮೂವರು ಕೂತಿದ್ದರು. "ಏನು ಮಾಡ್ತಾರೆ ಇವರು?" ಅಂತ ಹಿರಿಯರು ಮೆಲ್ಲಗೆ ಕೇಳಿದರು. ಸೊಟ್ಟಗಾದ ಬಾಯಿಯನ್ನೇ ಇಟ್ಟುಕೊಂಡು ನಗಿಸಬಹುದಿತ್ತು. ದೊಡ್ಡಪ್ಪ ಆ ಕಡೆಗೆ ಟವೆಲ್ ಇಳಿಬಿಟ್ಟುಕೊಂಡರು. ಮೈಯ ಊನ ಆಡಿಕೊಳ್ಳಬಾರದು ಅನ್ನುವ ಬೇಲಿಯನ್ನು ತಮ್ಮ ಮೈಗೂ ಹಾಕಿಕೊಂಡರು. ಎಡಗೈಯಲ್ಲಿ ಬಿಳಿಚೋಡಿನ ಲೋಟ ತೆಗೆದುಕೊಂಡು ಆಡಲು ಶುರು ಮಾಡಿದರು.

ಮೊದಲು ಅಟೆಂಡರ್ ಆದರು. ಲೋಟದಲ್ಲಿ ಚಹಾ, ಅದರ ಮೇಲೆ ಮುಚ್ಚಳದ ಹಾಗೆ ಫೈಲು, ಫೈಲಿನ ಮೇಲೆ ಚಹಾ ಚೆಲ್ಲಿತು, ಊದಿ ಒಣಗಿಸಿದರು. ಆಮೇಲೆ ಫ್ಯಾನ್ ಆದರು. ದೊಡ್ಡ ಸಾಹೇಬರು ಕೆಳಗೆ ಬಂದು ನಿಂತಾಗ ಜೋರಾಗಿ ತಿರುಗುವ ಫ್ಯಾನು, ಅರ್ಜಿದಾರ ಬಂದು ನಿಂತಾಗ ನಿಧಾನವಾಗಿ ನಿಂತೇಬಿಡುವ ಫ್ಯಾನು. ಬರೀ ಒಂದು ಕೈ, ಎರಡು ಕಣ್ಣು. ಕೊನೆಗೆ ಫೈಲೇ ಆದರು. ಮಲಗಿದ ಫೈಲು. ಯಾರಾದರೂ ಹತ್ತಿರ ಬಂದರೆ ಒಂದು ಕಣ್ಣು ತೆರೆದು ನೋಡಿ, ಅವರು ದಾಟಿ ಹೋದ ಮೇಲೆ ಮತ್ತೆ ಮಲಗುವ ಫೈಲು.

ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಸಾಕು ಮಾರಾಯ್ರೇ, ಹೊಟ್ಟೆ ನೋವು ಬರುತ್ತೆ" ಅಂದರು. ಆಮೇಲೆ ಪೆನ್ನು ಎತ್ತಿಕೊಂಡು, "ಹೆಸರು?" ಅಂದರು. ದೊಡ್ಡಪ್ಪ ಲೋಟ ತಿರುಗಿಸಿ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದರು.

ಪತ್ರ ಕೊಡುವ ಸಮಾರಂಭ ಒಂದು ಹಗಲು ಸಭಾಂಗಣದಲ್ಲಿ ನಡೆಯಿತು. ದೊಡ್ಡಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆವು. ದೊಡ್ಡಮ್ಮ ಮದುವೆ ಸೀರೆ ಉಟ್ಟಿದ್ದರು. ಅಪ್ಪ ಕೆಲಸಕ್ಕೆ ರಜೆ ಹಾಕಿದ್ದರು. ಫೋಟೊಗೆ ಬೇಕಾದೀತು ಅಂತ ಆ ಹದಿನಾಲ್ಕು ಪಾತ್ರೆಯ ಚೀಲವನ್ನೂ ಒಯ್ದಿದ್ದೆ. ಸೋದರಮಾವ ಕರೆಯದಿದ್ದರೂ ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದರು. ಮೈಕಿನಲ್ಲಿ ದೊಡ್ಡಪ್ಪನ ಹೆಸರು ಕೂಗಿದರು, ಅದರ ಹಿಂದೆಯೇ "ಹಾಸ್ಯ ಕಲಾವಿದರು" ಅಂದರು. ಹೋದ ತಿಂಗಳು ಸಾವಿನ ಫಾರಂ ತುಂಬುವಾಗ ಉದ್ಯೋಗದ ಮುಂದೆ ನಾನು ಬರೆದದ್ದೂ ಅದನ್ನೇ. ಸ್ಟೇಜಿನ ಮೇಲಿದ್ದವರು ಕೆಳಗಿಳಿದು ಬಂದು ಪತ್ರವನ್ನು ಅವರ ಎಡಗೈಗೇ ಕೊಟ್ಟರು. ದೊಡ್ಡಪ್ಪ "ಹೂಂ" ಅಂದರು. ಮುಖ ಯಥಾ ಪ್ರಕಾರ ಗಂಟು. ಮಾವ ಹಿಂದಿನಿಂದ ಬಗ್ಗಿ ನೋಡಿ, "ಸೀಲು ಸರಿಯಾಗಿ ಬಿದ್ದೈತಾ?" ಅಂದರು. ಬಿದ್ದಿತ್ತು. "ಹಂಗಾದ್ರೆ ಆಯ್ತು ಬಿಡು" ಅಂದರು.

ಆಗ ಬಾಗಿಲ ಹತ್ತಿರ ಅಕ್ಕ ಕಂಡಳು. ಜೊತೆಗೆ ಅವಳ ಅತ್ತೆ, ಅವರ ಹಿಂದೆ ಎಲ್ಲೋ ನೋಡುತ್ತಾ ಬರುತ್ತಿದ್ದ ಅವಳ ಮಾವ. ಅಕ್ಕ ನೇರ ಬಂದು ತನ್ನ ಅಪ್ಪನ ಮುಂದೆ ಮಂಡಿಯೂರಿ ಕೂತಳು. ಪತ್ರ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು, ಮತ್ತೆ ಅಪ್ಪನ ತೊಡೆಯ ಮೇಲಿಟ್ಟಳು. ಎದ್ದು ನನ್ನ ಕಡೆ ತಿರುಗಿದಳು.

"ನನ್ನ ಪಾತ್ರೆ ಚೀಲ ಎಲ್ಲೇ?" ಅಂದಳು. "ಕೊಡು, ಮನೆಗೆ ತಗೊಂಡು ಹೋಗ್ತೀನಿ. ಅಡುಗೆಮನೇಲಿ ನಡು ಹಲಗೆ ಖಾಲಿ ಮಾಡಿಸಿ ಬಂದೀನಿ. ಈ ಸಲ ಅಕ್ಷರ ಈಚೆ ಕಡೆ ಮುಖ ಮಾಡಿ ಇಡ್ತೀನಿ. ಬಂದೋರು ಹೋದೋರು ಎಲ್ಲಾ ಓದ್ಕೊಳ್ಳಲಿ."